ಕಲ್ಲು ಹೊಡ್ದೋನಿಗೆ ಕಾಣದೇ ಇರೋದು

ಎಲ್ರಿಗೂ ನಮಸ್ಕಾರ. ಮೊದ್ಲೇ ಒಂದು ವಿಷಯ ಒಪ್ಕೊಂಡ್ಬಿಡ್ತೀನಿ, ಆಮೇಲೆ ನಿಮ್ಮಲ್ಲಿ ಯಾರೋ ಎದ್ದು ಕೇಳಿ ನಾನು ತಡವರಿಸೋದು ಬೇಡ. ನಾನೂ ರೈಲಿಗೆ ಕಲ್ಲು ಹೊಡ್ದಿದ್ದೀನಿ. ಒಂಬತ್ತೋ ಹತ್ತೋ ವಯಸ್ಸು, ಬಂದಿದ್ದು ಗೂಡ್ಸ್ ರೈಲು, ಜೊತೆಗೆ ಇನ್ನೂ ಮೂರು ಜನ ಹುಡುಗ್ರು, ಯಾರ ಕಲ್ಲು ತಾಗತ್ತೆ ಅಂತ ಪಂದ್ಯ. ಠಣ್ ಅಂತ ಸದ್ದು ಬಂದ್ರೆ ಗೆದ್ದ ಹಾಗೆ. ರೈಲು ಹೋಯ್ತು, ನಾವೂ ಮನೆಗೆ ಹೋದ್ವಿ. ಏನೂ ಆಗ್ಲಿಲ್ಲ. ಅಂದ್ರೆ, ಏನೂ ಆಗ್ಲಿಲ್ಲ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದೀನಿ, ನಿಜವಾಗ್ಲೂ ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು, ರೈಲು ಆಗ್ಲೇ ಹೋಗಿತ್ತಲ್ಲ.

ಇವತ್ತು ನಾನು ಮಾತಾಡೋದು ಇದರ ಬಗ್ಗೇನೇ. ಯಾರ್ದೋ ಮನೆ ಕಿಟಕಿಗೆ ಕಲ್ಲು ಹೊಡೆದ್ರೆ ಮನೆಯವ್ರು ಹೊರಗೆ ಬರ್ತಾರೆ, ಕಿವಿ ಹಿಂಡ್ತಾರೆ, ಗಾಜಿನ ದುಡ್ಡು ಅಪ್ಪನ ಹತ್ರ ವಸೂಲಿ ಮಾಡ್ತಾರೆ. ರೈಲಲ್ಲಿ ಹಾಗಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗೋ ರೈಲು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ದಾಟತ್ತೆ, ನೀವು ಕಲ್ಲು ಬಿಟ್ಟು ಗೆಳೆಯನ ಕಡೆ ತಿರುಗಿ ನಕ್ಕು ಮುಗಿಸೋಷ್ಟ್ರಲ್ಲಿ, ಅಂದ್ರೆ ಒಂದು ಇಪ್ಪತ್ತು ಸೆಕೆಂಡಲ್ಲಿ, ಏಟು ತಿಂದವ್ರು ಅರ್ಧ ಕಿಲೋಮೀಟರ್ ಆಚೆ ಇರ್ತಾರೆ. ಅವ್ರು ಕಿರುಚಿದ್ದು ನಿಮಗೆ ಕೇಳಲ್ಲ. ರಕ್ತ ಕಾಣಲ್ಲ. ಹಾಗಾಗಿ ಕಲ್ಲು ಹೊಡೆಯೋ ಹುಡುಗ ಕೆಟ್ಟೋನೇ ಆಗಿರ್ಬೇಕು ಅಂತೇನಿಲ್ಲ, ಎಷ್ಟೋ ಸಲ ಅವನ ಲೆಕ್ಕದಲ್ಲಿ ಅಲ್ಲಿ ಮನುಷ್ಯರೇ ಇರಲ್ಲ, ಒಂದು ಉದ್ದನೆ ಕಬ್ಬಿಣದ ಗೋಡೆ ಓಡ್ತಾ ಇರತ್ತೆ ಅಷ್ಟೆ.

ಈಗ ಸ್ವಲ್ಪ ಲೆಕ್ಕ ನೋಡೋಣ, ಹೆದರ್ಕೋಬೇಡಿ, ಹೈಸ್ಕೂಲಲ್ಲಿ ಓದಿರೋ ಲೆಕ್ಕಾನೇ. ಹಳಿ ಕೆಳಗೆ ಹಾಕಿರೋ ಜಲ್ಲಿ ಇದ್ಯಲ್ಲ, ಅದು ಹಳಿಯ ಮೇಲಿನ ಭಾರ ಹಂಚೋಕೆ, ಮಳೆ ನೀರು ಇಳಿದು ಹೋಗೋಕೆ ಹಾಕಿರೋದು, ಅದಕ್ಕೇ ದುಂಡಗಿರಲ್ಲ, ಒಂದಕ್ಕೊಂದು ಕಚ್ಕೊಂಡು ಕೂರ್ಲಿ ಅಂತ ಚೂಪು ಅಂಚಿನ ಕಲ್ಲನ್ನೇ ಹಾಕ್ತಾರೆ. ಅಂಥ ಒಂದು 200 ಗ್ರಾಂ ಕಲ್ಲು ತಗೊಳ್ಳಿ. ಒಬ್ಬ ಹುಡುಗ ಅದನ್ನ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಸೀತಾನೆ ಅಂತ ಇಟ್ಕೊಳ್ಳೋಣ. ನಿಂತಿರೋ ವಸ್ತುವಿಗೆ ಅದು ತಾಗಿದ್ರೆ ಶಕ್ತಿ ಸುಮಾರು 22 ಜೂಲ್. ಅದೇ ಕಲ್ಲನ್ನ 100 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಬರೋ ಎಂಜಿನ್ ಕಡೆ ಎಸೆದ್ರೆ ಎರಡೂ ವೇಗ ಕೂಡ್ಕೊಳ್ಳತ್ತೆ, ಸುಮಾರು 43 ಮೀಟರ್ ಆಗತ್ತೆ, ಆದ್ರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರತ್ತಲ್ಲ, ಹಾಗಾಗಿ 180 ಜೂಲ್ ದಾಟತ್ತೆ. ಎಂಟು ಪಟ್ಟು. ಹೋಲಿಕೆಗೆ ಹೇಳ್ತೀನಿ, 140 ಕಿಲೋಮೀಟರ್ ವೇಗದ ಬೌಲರ್ ಬಿಟ್ಟ ಕ್ರಿಕೆಟ್ ಬಾಲಲ್ಲಿ ಇರೋದು ಸುಮಾರು 120 ಜೂಲ್. ಬ್ಯಾಟ್ಸ್‌ಮನ್‌ಗೆ ಹೆಲ್ಮೆಟ್ ಇದೆ, ಪ್ಯಾಡ್ ಇದೆ, ಬಾಲ್ ಬರತ್ತೆ ಅಂತ ಗೊತ್ತೂ ಇದೆ. ರೈಲಲ್ಲಿ ಕೂತೋರಿಗೆ ಇದ್ಯಾವುದೂ ಇಲ್ಲ, ಬಾಲಿಗೆ ಚೂಪು ಅಂಚೂ ಇರಲ್ಲ.

ಕೆಲವ್ರು ಕೇಳ್ತಾರೆ, ಎದುರಿಂದ ಯಾರು ಎಸೀತಾರೆ, ನಾವು ಪಕ್ಕದಲ್ಲಿ ನಿಂತು ತಾನೇ ಎಸೆಯೋದು ಅಂತ. ಒಳ್ಳೆ ಪ್ರಶ್ನೆ. ಪಕ್ಕದಿಂದ ಎಸೆದಾಗ ಮುಚ್ಚಿದ ಕಿಟಕಿ ಗಾಜಿಗೆ ಬೀಳೋ ಏಟು ಹೆಚ್ಚು ಕಮ್ಮಿ ನಿಮ್ಮ ಕೈ ವೇಗದ್ದೇ, ರೈಲಿನ ವೇಗ ಗಾಜನ್ನ ಸವರ್ಕೊಂಡು ಹೋಗತ್ತೆ, ಇದು ನಿಜ. ಆದ್ರೆ ತೆರೆದ ಕಿಟಕಿ ಹತ್ರ ಮುಖ ಇಟ್ಕೊಂಡು ಕೂತಿರೋ ಮಗು, ಬಾಗಿಲಲ್ಲಿ ಗಾಳಿಗೆ ನಿಂತಿರೋ ಮನುಷ್ಯ, ಇವ್ರಿಗೆ ಆ ರಿಯಾಯಿತಿ ಇಲ್ಲ. ಅವ್ರ ಮುಖಾನೇ 28 ಮೀಟರ್ ವೇಗದಲ್ಲಿ ಕಲ್ಲಿನ ಮೇಲೆ ಬಂದು ಬೀಳತ್ತೆ. ನೀವು ಎಸೀಲೇಬೇಕು ಅಂತಿಲ್ಲ, ಮೇಲಿಂದ ಸುಮ್ನೆ ಕೈ ಬಿಟ್ರೂ ಆ ಕಲ್ಲಲ್ಲಿ ಸುಮಾರು 77 ಜೂಲ್ ಇರತ್ತೆ, ಕೈಯಿಂದ ಎಸೆದದ್ದರ ಮೂರು ಪಟ್ಟಿಗಿಂತ ಜಾಸ್ತಿ, ಅಷ್ಟೂ ರೈಲಿನ ಓಟದಿಂದ ಬಂದದ್ದು. ಕಿಟಕಿಗೆ ಸರಳು ಇದ್ಯಲ್ಲ ಅಂದ್ರೆ, ಸರಳಿನ ಮಧ್ಯೆ ಕೈ ತೂರೋ ಜಾಗ ಇರೋ ಕಡೆ ಜಲ್ಲಿ ತೂರಲ್ವಾ.

ರೈಲು ಕಟ್ಟೋರು ಇದನ್ನೆಲ್ಲ ಯೋಚನೆ ಮಾಡಿಲ್ಲ ಅಂತಲ್ಲ. ಅಮೆರಿಕದ ನಿಯಮದ ಪ್ರಕಾರ ರೈಲಿನ ಮುಂದಿನ ಗಾಜಿಗೆ ಸುಮಾರು 11 ಕೆಜಿ ತೂಕದ ಕಾಂಕ್ರೀಟ್ ಬ್ಲಾಕನ್ನ ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಹೊಡ್ದು ಪರೀಕ್ಷೆ ಮಾಡ್ತಾರೆ, ಅದು ಸಾಲದು ಅಂತ ಪಾಯಿಂಟ್ 22 ಬುಲೆಟ್ ಬೇರೆ. ಯೂರೋಪಿನಲ್ಲಿ 1 ಕೆಜಿ ತೂಕದ ವಸ್ತುವನ್ನ ರೈಲಿನ ಗರಿಷ್ಠ ವೇಗಕ್ಕೆ ಇನ್ನೂ 160 ಕಿಲೋಮೀಟರ್ ಸೇರಿಸಿ ಮುಂದಿನ ಗಾಜಿಗೆ ಹೊಡೀತಾರೆ. ಆದ್ರೆ ಪ್ರಯಾಣಿಕರು ಕೂರೋ ಪಕ್ಕದ ಗಾಜಿಗೆ ಇಷ್ಟು ಕಠಿಣ ಪರೀಕ್ಷೆ ಇಲ್ಲ. ಅಮೆರಿಕದಲ್ಲೇ ಅದೇ ಬ್ಲಾಕನ್ನ ಪಕ್ಕದ ಗಾಜಿಗೆ ಸೆಕೆಂಡಿಗೆ 4 ಮೀಟರ್‌ಗೂ ಕಮ್ಮಿ ವೇಗದಲ್ಲಿ ಹೊಡೆಯೋದು, ಶಕ್ತಿ ಲೆಕ್ಕ ಹಾಕಿದ್ರೆ ಮುಂದಿನ ಗಾಜಿನ ಹತ್ತನೇ ಒಂದು ಪಾಲೂ ಇಲ್ಲ. ಇನ್ನೊಂದು ವಿಷಯ, ಗಾಜು ಪಾಸಾಯ್ತು ಅಂದ್ರೆ ಕಲ್ಲು ಒಳಗೆ ಬರ್ಲಿಲ್ಲ ಅಂತ, ಗಾಜಿಗೆ ಏನೂ ಆಗ್ಲಿಲ್ಲ ಅಂತಲ್ಲ. ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿರ್ತಾರೆ, ಹೊರಗಿಂದ ಏಟು ಬಿದ್ರೆ ಅದು ಜೇಡರ ಬಲೆ ಥರ ಬಿರುಕು ಬಿಡತ್ತೆ, ಕಲ್ಲು ಹೊರಗೇ ಉಳಿಯತ್ತೆ, ಆದ್ರೆ ಒಳಗಿನ ಮೈಯಿಂದ ಸಣ್ಣ ಸಣ್ಣ ಚೂರು ಸಿಡಿದು ಒಳಗಿರೋರ ಮುಖಕ್ಕೆ ಬರಬಹುದು. ಎದುರಿಗೆ ಬಿರುಕು ತುಂಬಿದ ಗಾಜು, ಕಣ್ಣಲ್ಲಿ ಪುಡಿ. ಡ್ರೈವರ್ ಕಣ್ಣು ಮೂರು ಸೆಕೆಂಡ್ ಮುಚ್ಚಿದ್ರೆ ರೈಲು 80 ಮೀಟರ್‌ಗಿಂತ ಜಾಸ್ತಿ ನೋಡದೇ ಓಡಿರತ್ತೆ, ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ಹಾಕೋಕೆ ಅದು ಕಾರಲ್ಲ.

ಕಣ್ಣಿನ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ತೀನಿ. ತಲೆಗೆ ಏಟು ಬಿದ್ರೆ ಹೊಲಿಗೆ ಹಾಕ್ತಾರೆ, ಮೂಳೆ ಮುರಿದ್ರೆ ಕೂಡತ್ತೆ, ಕಣ್ಣುಗುಡ್ಡೆ ಒಡೆದ್ರೆ ಎಷ್ಟೋ ಸಲ ದೃಷ್ಟಿ ವಾಪಸ್ ಬರಲ್ಲ. ಅಪರೂಪಕ್ಕೆ ಇನ್ನೂ ಒಂದು ಆಗತ್ತೆ, ಗಾಯ ಒಂದು ಕಣ್ಣಿಗೆ ಆಗಿದ್ರೂ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಗೊಂದಲಕ್ಕೆ ಬಿದ್ದು ಚೆನ್ನಾಗಿರೋ ಇನ್ನೊಂದು ಕಣ್ಣಿನ ಮೇಲೂ ಎಗರತ್ತೆ. ಲೂಯಿ ಬ್ರೈಲ್ ಹೆಸರು ಕೇಳಿರ್ತೀರ, ಅಂಧರ ಲಿಪಿ ಮಾಡಿದವ್ರು. ಮೂರು ವರ್ಷದ ಮಗು ಇದ್ದಾಗ ಅಪ್ಪನ ಚರ್ಮದ ಕೆಲಸದ ದಬ್ಬಳ ಚುಚ್ಕೊಂಡಿದ್ದು ಒಂದೇ ಕಣ್ಣಿಗೆ, ಐದು ವರ್ಷ ಆಗೋಷ್ಟ್ರಲ್ಲಿ ಎರಡೂ ಹೋಗಿತ್ತು.

ಈಗ ನಾನು ಇವತ್ತು ಹೇಳ್ಲೇಬೇಕು ಅಂತ ಬಂದಿರೋ ಘಟನೆ. 2015ನೇ ಇಸವಿ ಮೇ 12, ಅಮೆರಿಕದ ಫಿಲಡೆಲ್ಫಿಯಾ ಊರು, ರಾತ್ರಿ ಒಂಬತ್ತು ದಾಟಿದೆ. ಅಲ್ಲಿನ ಒಂದು ಲೋಕಲ್ ರೈಲಿಗೆ ಯಾರೋ ಎಸೆದದ್ದು ಬಂದು ಬಡಿದು ಮುಂದಿನ ಗಾಜು ಒಡೀತು, ಡ್ರೈವರ್ ರೈಲು ನಿಲ್ಲಿಸಿ ರೇಡಿಯೋದಲ್ಲಿ ಕಂಟ್ರೋಲ್‌ಗೆ ಹೇಳ್ದ. ಅದೇ ಮಾರ್ಗದಲ್ಲಿ ವಾಷಿಂಗ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗೋ ಆಮ್‌ಟ್ರಾಕ್ ಅನ್ನೋ ರೈಲು ಕಂಪನಿಯ 188 ನಂಬರ್ ರೈಲು ಬರ್ತಾ ಇತ್ತು. ಅದರ ಡ್ರೈವರ್ ಕಿವಿಗೆ ಈ ರೇಡಿಯೋ ಮಾತೆಲ್ಲ ಬೀಳ್ತಾ ಇತ್ತು, ತನ್ನ ಥರದ್ದೇ ಒಬ್ಬ ಡ್ರೈವರ್‌ಗೆ ಏಟಾಗಿದ್ಯೇನೋ, ಹಳಿ ಪಕ್ಕ ಜನ ಇದ್ದಾರೇನೋ, ಮನಸ್ಸು ಅಲ್ಲಿ ಹೋಯ್ತು. ತಾನು ಎಲ್ಲಿದ್ದೀನಿ ಅನ್ನೋ ಅಂದಾಜು ತಪ್ತು. ಮುಂದೆ ಫ್ರಾಂಕ್‌ಫರ್ಡ್ ಜಂಕ್ಷನ್ ತಿರುವು, ಅಲ್ಲಿ ಮಿತಿ ಗಂಟೆಗೆ 80 ಕಿಲೋಮೀಟರ್, ರೈಲು ನುಗ್ಗಿದ್ದು 170ರಲ್ಲಿ. ಹಳಿ ತಪ್ಪಿ 8 ಜನ ಸತ್ರು, ನೂರಕ್ಕೂ ಹೆಚ್ಚು ಜನ ಗಾಯಗೊಂಡ್ರು. ಮೊದಮೊದ್ಲು ಈ ರೈಲಿಗೂ ಕಲ್ಲೋ ಗುಂಡೋ ಬಿದ್ದಿರ್ಬೇಕು ಅಂತ ಸುದ್ದಿ ಹಬ್ಬಿತ್ತು, ತನಿಖೆಯಲ್ಲಿ ಹಾಗೇನೂ ಸಿಗ್ಲಿಲ್ಲ. ಮರುವರ್ಷ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ತೀರ್ಮಾನ ಏನಂದ್ರೆ, ಬಹುಶಃ ಇನ್ನೊಂದು ರೈಲಿನ ತುರ್ತು ಸಂಗತಿ ಕಡೆ ಗಮನ ಹೋಗಿದ್ರಿಂದಲೇ ಡ್ರೈವರ್‌ಗೆ ಎಲ್ಲಿದ್ದೀನಿ ಅನ್ನೋ ಅರಿವು ತಪ್ಪಿದ್ದು ಅಂತ. ತಿರುವಲ್ಲಿ ವೇಗ ತಾನಾಗೇ ಇಳಿಸೋ ವ್ಯವಸ್ಥೆ ಆ ಕಡೆ ಹೋಗೋ ಹಳಿಗೆ ಇನ್ನೂ ಬಂದಿರ್ಲಿಲ್ಲ, ಅದೂ ದೊಡ್ಡ ಲೋಪ, ಎಲ್ಲ ಕಲ್ಲಿನ ತಲೆಗೇ ಕಟ್ಟೋಕಾಗಲ್ಲ, ಒಪ್ತೀನಿ. ಆದ್ರೂ ನೋಡಿ, ಏಟು ಬಿದ್ದಿದ್ದು ಒಂದು ರೈಲಿಗೆ, ಉರುಳಿದ್ದು ಇನ್ನೊಂದು. ಎಸೆದೋನು ಅದನ್ನ ಟೀವಿಯಲ್ಲಿ ನೋಡಿದ್ರೂ ಅದಕ್ಕೂ ತನ್ನ ಕೈಗೂ ಸಂಬಂಧ ಇದೆ ಅಂತ ಅವನಿಗೆ ಹೊಳೆದಿರತ್ತಾ?

ಇನ್ನೊಂದು ಹಳೇದು, ಚಿಕ್ಕದಾಗಿ ಹೇಳ್ತೀನಿ. 1974ರ ಅಕ್ಟೋಬರ್, ಬ್ರಿಟನ್ನಿನ ವೇಲ್ಸ್, ಕಾರ್ಡಿಫ್ ಕಡೆಗೆ ಹೋಗೋ ರೈಲು. 15 ವರ್ಷದ ಇಬ್ರು ಹುಡುಗ್ರು ಸೇತುವೆ ಮೇಲಿಂದ ನೆಲಕ್ಕೆ ಹಾಸೋ ಕಲ್ಲಿನ ತುಂಡೊಂದನ್ನ ಕೆಳಗೆ ತಳ್ಳಿದ್ರು. ಅದು ಕ್ಯಾಬಿನ್ ಗಾಜು ಒಡ್ಕೊಂಡು ಒಳಗೆ ಹೋಯ್ತು, ಡ್ರೈವರ್ ಪಕ್ಕ ಕೂತಿದ್ದ ಗಾರ್ಡ್ ಸತ್ತೋದ್ರು. ಕೇಸು ಆಗ ಅಲ್ಲಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯ್ತು, ಯಾರಿಗಾದ್ರೂ ಏಟಾಗತ್ತೆ ಅಂತ ಹುಡುಗ್ರಿಗೆ ಹೊಳೆದಿತ್ತು ಅಂತ ಸಾಬೀತು ಮಾಡ್ಬೇಕಾ ಅನ್ನೋದೇ ಅಲ್ಲಿ ಪ್ರಶ್ನೆ. ಬೇಕಿಲ್ಲ ಅಂತ 1976ರಲ್ಲಿ ತೀರ್ಪು ಬಂತು, ಸಾಮಾನ್ಯ ಬುದ್ಧಿ ಇರೋ ಯಾರಿಗಾದ್ರೂ ಅಪಾಯ ಕಾಣೋ ಹಾಗಿದ್ರೆ ಸಾಕು ಅಂತ. ಕಾನೂನು ಓದೋ ಮಕ್ಕಳು ಇವತ್ತಿಗೂ ಆ ಕೇಸ್ ಓದ್ತಾರೆ.

ನಮ್ಮ ಕಾನೂನೂ ಸಡಿಲ ಇಲ್ಲ. 1989ರ ರೈಲ್ವೆ ಕಾಯ್ದೆ ಸೆಕ್ಷನ್ 152ರಲ್ಲಿ, ಒಳಗಿರೋರ ಜೀವಕ್ಕೆ ಅಪಾಯ ಆಗತ್ತೆ ಅಂತ ಗೊತ್ತಿದ್ದೂ ಕಲ್ಲು ಕಟ್ಟಿಗೆ ಏನನ್ನೇ ಎಸೆದ್ರೂ ಜೀವಾವಧಿ ಇಲ್ಲಾ 10 ವರ್ಷದ ತನಕ ಜೈಲು, ಬೇಕಂತಲೇ ಮಾಡಿದ ಕೆಲಸದಿಂದ ಪ್ರಯಾಣಿಕರ ಸುರಕ್ಷತೆಗೆ ಧಕ್ಕೆ ಬಂದ್ರೆ 153ರಲ್ಲಿ 5 ವರ್ಷದ ತನಕ, ಬೇಜವಾಬ್ದಾರಿಯಿಂದ ಆದ್ರೂ 154ರಲ್ಲಿ ಒಂದು ವರ್ಷದ ತನಕ ಇದೆ. ಆದ್ರೆ ನನಗನ್ಸೋದು, ಹತ್ತು ವರ್ಷದ ಹುಡುಗನಿಗೆ ಸೆಕ್ಷನ್ ನಂಬರ್ ಹೇಳಿ ಹೆದರ್ಸಿದ್ರೆ ಅವನು ಸಿಕ್ಕಿಹಾಕ್ಕೊಳ್ಳದ ಹಾಗೆ ಹೊಡೆಯೋದು ಹೇಗೆ ಅಂತ ಯೋಚಿಸ್ತಾನೆ. ನನ್ನನ್ನ ನಿಲ್ಲಿಸಿದ್ದು ಕಾನೂನಲ್ಲ. ಒಂದಿನ ಅದೇ ಜಾಗದಲ್ಲಿ ಪ್ಯಾಸೆಂಜರ್ ರೈಲು ಬಂತು, ಕೈಯಲ್ಲಿ ಕಲ್ಲು ಇತ್ತು, ಕಿಟಕಿಯಿಂದ ನನ್ನಷ್ಟೇ ವಯಸ್ಸಿನ ಹುಡುಗಿ ಟಾಟಾ ಮಾಡಿದ್ಲು, ನಾನೂ ಟಾಟಾ ಮಾಡ್ದೆ, ಕಲ್ಲು ಇದ್ದ ಕೈಯಲ್ಲೇ. ಆಮೇಲೆ ಎಸೆಯೋಕೆ ಆಗ್ಲೇ ಇಲ್ಲ.

ರೈಲಲ್ಲಿ ಹೋಗೋರಿಗೆ ಒಂದೆರಡು ಮಾತು ಹೇಳಿ ಮುಗಿಸ್ತೀನಿ. ಕಲ್ಲು ಬೀಳ್ತಿದೆ ಅಂತ ಗೊತ್ತಾದ ತಕ್ಷಣ ಯಾರು ಅಂತ ಇಣುಕಿ ನೋಡ್ಬೇಡಿ, ತಲೆ ತಗ್ಗಿಸಿ, ಶಟರ್ ಇದ್ರೆ ಇಳಿಸಿ, ಬಾಗಿಲಲ್ಲಿ ನಿಂತೋರನ್ನ ಒಳಗೆ ಎಳ್ಕೊಳ್ಳಿ. ಕಣ್ಣಿಗೆ ಬರೀ ಪುಡಿ ಹೋಗಿದ್ರೆ ಉಜ್ಜದೆ ಶುದ್ಧ ನೀರು ಬಿಟ್ಟು ತೊಳೀರಿ. ಚೂರು ಚುಚ್ಕೊಂಡಿದ್ರೆ, ರಕ್ತ ಬರ್ತಿದ್ರೆ ನೀರೂ ಬೇಡ, ಕೀಳೋದೂ ಬೇಡ, ಬಟ್ಟೆ ಒತ್ತೋದಂತೂ ಬೇಡ್ವೇ ಬೇಡ. ಒಂದು ಪೇಪರ್ ಕಪ್ಪಿನ ತಳದ ಭಾಗ ಕತ್ತರಿಸಿ ಕಣ್ಣಿಗೆ ತಾಗದ ಹಾಗೆ ಸುತ್ತ ಮೂಳೆ ಮೇಲೆ ಕೂರಿಸಿ ಅಂಟಿಸಿ, ಇನ್ನೊಂದು ಕಣ್ಣನ್ನೂ ಮುಚ್ಕೊಂಡಿರೋಕೆ ಹೇಳಿ, ಯಾಕಂದ್ರೆ ಎರಡೂ ಕಣ್ಣು ಒಟ್ಟಿಗೇ ಹೊರಳತ್ತೆ. ತಲೆಗೆ ಏಟಾದೋರು ಎದ್ದು ಮಾತಾಡ್ತಿದ್ರೂ ಆಮೇಲೆ ವಾಂತಿ, ಮಂಪರು ಬಂದ್ರೆ ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮತ್ತೆ ಗಾಬರೀಲೂ ಯಾರಾದ್ರೂ ಒಬ್ರು ಟೈಮ್ ಎಷ್ಟು, ಹಳಿ ಪಕ್ಕದ ಕಂಬದ ನಂಬರೋ ಕಿಲೋಮೀಟರ್ ಕಲ್ಲೋ ಏನು ಕಾಣ್ತೋ ಅದನ್ನ ನೋಡಿಟ್ಕೊಂಡು ಸಿಬ್ಬಂದಿಗೆ ತಿಳಿಸಿ, ಅದೇ ಹಳಿ ಮೇಲೆ ಹಿಂದೆ ಇನ್ನೊಂದು ರೈಲು ಬರ್ತಿರತ್ತೆ.

ಅಷ್ಟೇ ನಂದು. ಮೈಕ್ ಕೆಳಗೆ ಕೊಡ್ತೀನಿ, ಹಿಂದಿನ ಸಾಲಲ್ಲಿ ಆ ಹುಡುಗ ಆಗ್ಲಿಂದ ಕೈ ಎತ್ಕೊಂಡೇ ಇದ್ದಾನೆ, ಮೊದ್ಲು ಅವನಿಗೆ ಕೊಡಿ.