ಕನ್ನಡಕದ ಚೀಟಿ ಹಿಡಿದು ಲೆನ್ಸ್ ಕೊಳ್ಳಬೇಡಿ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ನಮ್ಮ ಮನೆಗಳಲ್ಲಿ ಕಾಂಟ್ಯಾಕ್ಟ್ ಲೆನ್ಸಿನ ಮಾತು ಬರುವುದು ಹೆಚ್ಚಾಗಿ ಮದುವೆ ಗೊತ್ತಾದಾಗ. ಇಲ್ಲವೇ ಹುಡುಗರು ಯಕ್ಷಗಾನದ ವೇಷ ಕಟ್ಟಲು ಹೊರಟಾಗ. ಹಳೆಯ ಕನ್ನಡಕದ ಚೀಟಿ ತೋರಿಸಿ, ಅದೇ ನಂಬರಿನ ಲೆನ್ಸ್ ತಂದುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡಕದ ನಂಬರು ಬೇರೆ, ಲೆನ್ಸಿನ ಅಳತೆ ಬೇರೆ.

ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ. ಲೆನ್ಸ್ ಕೂರುವುದು ಕಣ್ಣೀರಿನ ಮೇಲೆಯೇ. ನಂಬರು 4 ದಾಟಿತೆಂದರೆ ಈ ದೂರ ಲೆಕ್ಕಕ್ಕೆ ಬರುತ್ತದೆ. ಕನ್ನಡಕದಲ್ಲಿ ಮೈನಸ್ 6 ಇದ್ದವರಿಗೆ ಲೆನ್ಸಿನಲ್ಲಿ ಮೈನಸ್ 5.50 ಸಾಕಾಗಬಹುದು. ಪ್ಲಸ್ ನಂಬರಿನವರಿಗೆ ಇದು ತಿರುಗುಮುರುಗು, ಹೆಚ್ಚು ಬೇಕಾಗುತ್ತದೆ.

ಮೊದಲ ಹೆಜ್ಜೆ ಎಂದಿನಂತೆ ನಂಬರು ನೋಡುವುದು. ಫಲಕದಲ್ಲಿರುವ ದೇವನಾಗರಿ ಅಕ್ಷರ ಓದಲು ಬಾರದ ಹಿರಿಯರು ಸಂಕೋಚಪಡಬೇಕಿಲ್ಲ, ಅಂಕಿಗಳ ಫಲಕ ಕೇಳಿ. ಆಮೇಲೆ ಕೆರಟೋಮೀಟರ್ ಎಂಬ ಉಪಕರಣದಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಬಾಗು ಅಳೆಯುತ್ತಾರೆ. ಮೃದು ಲೆನ್ಸಿನ ಪೊಟ್ಟಣದ ಮೇಲೆ ನಂಬರಿನ ಜೊತೆಗೆ 8.6, 14.2 ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯದು ಲೆನ್ಸಿನ ಒಳಬಾಗು, ಎರಡನೆಯದು ಅಗಲ, ಎರಡೂ ಮಿಲಿಮೀಟರಿನಲ್ಲಿ. ಕನ್ನಡಕದ ಚೀಟಿಯಲ್ಲಿ ಇವೆರಡೂ ಇರುವುದಿಲ್ಲ.

ಇನ್ನು ಸ್ಲಿಟ್ ಲ್ಯಾಂಪ್, ಅಂದರೆ ತೆಳು ಬೆಳಕಿನ ಪಟ್ಟಿ ಹಾಯಿಸಿ ಕಣ್ಣನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ. ಗದ್ದ ಊರಿಸಿ ಕೂತಾಗ ರೆಪ್ಪೆ ಮಗುಚಿ ಒಳಗೆ ಗುಳ್ಳೆಗಳಿವೆಯೇ ಎಂದು ನೋಡುತ್ತಾರೆ. ಹಳದಿ ಬಣ್ಣ ತಾಗಿಸಿ, ರೆಪ್ಪೆ ಬಡಿಯದೆ ಇರಲು ಹೇಳಿ, ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ಎಣಿಸುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಒಡೆದರೆ ಕಣ್ಣು ಒಣಗುವ ಜಾತಿಯದೆಂಬ ಅನುಮಾನ. ದಿನವಿಡೀ ಏಸಿಯಲ್ಲಿ ಕಂಪ್ಯೂಟರ್ ನೋಡುವವರು, ಅಲರ್ಜಿ ಮಾತ್ರೆ ನುಂಗುವವರು ಇದನ್ನು ಮೊದಲೇ ಹೇಳಬೇಕು.

ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು ಮುಂದಿನ ಅರ್ಧ ಗಂಟೆ. ಟ್ರಯಲ್ ಲೆನ್ಸ್ ಹಾಕಿ, 15-20 ನಿಮಿಷ ಕೂರಿಸಿ, ಮತ್ತೆ ಸ್ಲಿಟ್ ಲ್ಯಾಂಪಿನಲ್ಲಿ ನೋಡಬೇಕು. ರೆಪ್ಪೆ ಬಡಿದಾಗ ಲೆನ್ಸ್ ಕಾಲು ಮಿಲಿಮೀಟರಿನಷ್ಟು ಜಾರಿ ಮತ್ತೆ ನಡುವಿಗೆ ಬರಬೇಕು. ಆ ಅಲುಗಾಟದಲ್ಲೇ ಅಡಿಯ ಕಣ್ಣೀರು ಬದಲಾಗುತ್ತದೆ. ಬಿಗಿಯಾದ ಲೆನ್ಸ್ ಮೋಸ ಮಾಡುತ್ತದೆ. ಹಾಕಿದಾಗ ಹಾಯಾಗಿರುತ್ತದೆ, ಸಂಜೆಗೆ ಕಣ್ಣು ಕೆಂಪಾಗಿ ಬಿಳಿಗುಡ್ಡೆಯ ಮೇಲೆ ಉಂಗುರದ ಅಚ್ಚು ಬೀಳುತ್ತದೆ. ಸಡಿಲವಾದದ್ದು ಚುಚ್ಚುತ್ತದೆ, ರೆಪ್ಪೆ ಬಡಿದ ಕೂಡಲೇ ನೋಟ ಮಂಜಾಗುತ್ತದೆ. ಸಿಲಿಂಡರ್ ನಂಬರಿನವರಿಗೆ, ಅಂದರೆ ಕಣ್ಣಿನ ನಂಬರು ಎಲ್ಲ ದಿಕ್ಕಿನಲ್ಲೂ ಒಂದೇ ಇಲ್ಲದವರಿಗೆ, ದಿಕ್ಕಿಗೆ ತಕ್ಕಂತೆ ನಂಬರು ಬದಲಾಗುವ ಟೋರಿಕ್ ಲೆನ್ಸ್ ಬೇಕು. ಅದು ಕಣ್ಣಿನ ಮೇಲೆ ತಿರುಗಿಕೊಂಡರೆ ಅಕ್ಷರ ಓರೆಯಾಗಿ ಹರಡುತ್ತದೆ. ಹಾಗಾಗಿ ಅದರ ಮೇಲಿನ ಸಣ್ಣ ಗುರುತು ಎಲ್ಲಿ ನಿಂತಿದೆಯೆಂದು ನೋಡಿ, ಬೇಕಿದ್ದರೆ ಅಕ್ಷದ, ಅಂದರೆ ಆ ದಿಕ್ಕಿನ, ಡಿಗ್ರಿ ಬದಲಿಸುತ್ತಾರೆ.

ಹಾಕಿ ತೆಗೆಯುವುದನ್ನು ಅಲ್ಲೇ ನಿಮ್ಮ ಕೈಯಿಂದಲೇ ಮಾಡಿಸಿಕೊಂಡು ಬನ್ನಿ. ಸಾಬೂನಿನಿಂದ ಕೈ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಲೆನ್ಸನ್ನು ತೋರುಬೆರಳ ತುದಿಯಲ್ಲಿಟ್ಟು ಬೆಳಕಿಗೆ ಅಡ್ಡಲಾಗಿ ನೋಡಿ. ಅಂಚು ಬಟ್ಟಲಿನಂತೆ ನೆಟ್ಟಗಿದ್ದರೆ ಸರಿ, ತಟ್ಟೆಯಂತೆ ಹೊರಗೆ ಬಾಗಿದ್ದರೆ ಮಗುಚಿದೆ. ಯಾವಾಗಲೂ ಬಲಗಣ್ಣಿನಿಂದಲೇ ಶುರುಮಾಡಿದರೆ ಎಡಬಲ ಅದಲುಬದಲಾಗುವುದಿಲ್ಲ. ಕಾಡಿಗೆ, ಮುಖದ ಬಣ್ಣ, ಎಲ್ಲವೂ ಲೆನ್ಸ್ ಹಾಕಿದ ಮೇಲೆ. ವೇಷ ಕಳಚುವಾಗ ಮೊದಲು ಲೆನ್ಸ್ ತೆಗೆದು, ಆಮೇಲೆ ಬಣ್ಣ ಒರೆಸುವ ತೆಂಗಿನೆಣ್ಣೆ ಮುಟ್ಟಿ.

ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಕಟ್ಟಡದ ಟ್ಯಾಂಕಿನ ನೀರಿರಲಿ, ಕುದಿಸಿದ ನೀರಿರಲಿ, ಲೆನ್ಸಿಗೂ ಅದನ್ನಿಡುವ ಡಬ್ಬಿಗೂ ತಾಗಬಾರದು. ನಲ್ಲಿ ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ, ದೃಷ್ಟಿಗೇ ಅಪಾಯ. ಆದ್ದರಿಂದ ಸ್ನಾನಕ್ಕೆ, ಈಜಿಗೆ ಮುನ್ನ ಲೆನ್ಸ್ ತೆಗೆಯಿರಿ. ಮಳೆಗಾಲದಲ್ಲಿ ನೆನೆದು ಮನೆಗೆ ಬಂದಾಗಲೂ ಕೈ ತೊಳೆದು ಒರೆಸಿಕೊಂಡು ಮೊದಲು ಅದನ್ನೇ ತೆಗೆಯಿರಿ. ಡಬ್ಬಿಯಲ್ಲಿ ಲೆನ್ಸ್ ನೆನೆಸಿಡುವ ಹಳೆಯ ದ್ರಾವಣಕ್ಕೆ ಹೊಸದನ್ನು ಸೇರಿಸದೆ, ಪ್ರತಿದಿನ ಪೂರ್ತಿ ಚೆಲ್ಲಿ. ಡಬ್ಬಿಯನ್ನೇ 3 ತಿಂಗಳಿಗೊಮ್ಮೆ ಬದಲಿಸಿ. ತಿಂಗಳ ಲೆನ್ಸ್ ಅಂದರೆ ಪೊಟ್ಟಣ ಒಡೆದ ದಿನದಿಂದ ಒಂದು ತಿಂಗಳು, ಹಾಕಿದ ದಿನಗಳ ಲೆಕ್ಕವಲ್ಲ. ಹಾಕಿಕೊಂಡು ಮಲಗಬೇಡಿ, ಕರ್ಜತ್ ಲೋಕಲ್ ರೈಲಿನ ತೂಕಡಿಕೆ ಕೂಡ ಬೇಡ.

ಮೊದಲ ದಿನ 4 ಗಂಟೆ ಸಾಕು, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಏರಿಸಿ. ವಾರದ ನಂತರದ ತಪಾಸಣೆಗೆ ಕೆಲವು ಗಂಟೆ ಲೆನ್ಸ್ ಹಾಕಿಕೊಂಡಿದ್ದು ಹಾಗೆಯೇ ಹೋಗಿ, ಆಗಲೇ ಬಿಗಿತ ಗೊತ್ತಾಗುವುದು. ನಡುವೆ ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಂಜು, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ತೆಗೆದ ಲೆನ್ಸನ್ನು ಎಸೆಯದೆ ಡಬ್ಬಿ ಸಮೇತ ಒಯ್ಯಿರಿ. ಸೋಂಕು ಯಾವುದೆಂದು ಪರೀಕ್ಷಿಸಲು ಅದು ಬೇಕಾಗಬಹುದು.

ನಮಸ್ಕಾರ.