ಹಸಿರು ಫಲಕ, ಬಿಳಿ ಅಕ್ಷರ

ನಮಸ್ಕಾರ ಕೇಳುಗರೆ. ನಾನಿರೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ರ, ರಜಾ ಸಿಕ್ತು ಅಂದ್ರೆ ಬಸ್ಸು ಹಿಡಿದು ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಕಡೆ ನಡೆಯೋಕೆ ಹೊರಟುಬಿಡ್ತೀನಿ. ಅಲ್ಲಿ ತಡಮೆ ದಾಟ್ತಿದ್ದ ಹಾಗೇ, ಹೂಂ, ನಮ್ಮ ಮಲೆನಾಡಲ್ಲಿ ಜನ ಬೇಲಿ ದಾಟೋಕೆ ಅಂತ ಮಾಡಿರ್ತಾರಲ್ಲ ಅಂಥದ್ದೇ ತಡಮೆ, ಪಕ್ಕದಲ್ಲಿ ಒಂದು ಕಂಬ, ಕಂಬದ ಮೇಲೆ ಹಸಿರು ಲೋಹದ ಫಲಕ, ಈ ಕಾಲುದಾರಿ ಎಲ್ಲಿಗೆ ಹೋಗುತ್ತೆ ಅಂತ ಉಬ್ಬಿದ ಬಿಳಿ ಅಕ್ಷರದಲ್ಲಿ ಬರೆದಿರುತ್ತೆ, ಜೊತೆಗೆ ಒಂದು ನಂಬರು. ಹಾಕಿದ್ದು ಸರ್ಕಾರ ಅಲ್ಲ. ಪೀಕ್ ಅಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ ಅಂತ, 1894ರಲ್ಲಿ ಶುರುವಾದ ಸಂಘ.

ಇದರ ಬೇರು ಇನ್ನೂ ಹಿಂದಕ್ಕಿದೆ. 1815ರಲ್ಲಿ ಅಲ್ಲೊಂದು ಕಾನೂನು ಬಂತು, ಇಬ್ಬರು ಮ್ಯಾಜಿಸ್ಟ್ರೇಟರು ಈ ದಾರಿ ಬೇಕಾಗಿಲ್ಲ ಅಂದುಬಿಟ್ರೆ ಆ ದಾರಿನ ಮುಚ್ಚಬಹುದಿತ್ತು, ಆ ಮ್ಯಾಜಿಸ್ಟ್ರೇಟರೂ ಜಮೀನ್ದಾರರ ಪೈಕಿಯೇ, ಮತ್ತೆ ಕೇಳ್ಬೇಕಾ. ಫ್ಲಿಕ್ಸ್‌ಟನ್ ಅನ್ನೋ ಊರಲ್ಲಿ ಒಬ್ಬ ಜಮೀನ್ದಾರ ದಾರಿ ಮುಚ್ಚಿದಾಗ ಜನ ಬಿಡ್ಲಿಲ್ಲ, 1826ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹಳೇ ಕಾಲುದಾರಿ ಉಳಿಸೋಕೆ ಅಂತಲೇ ಸಂಘ ಮಾಡಿ ಕೋರ್ಟಿಗೆ ಹೋದ್ರು. ವಾರವೆಲ್ಲ ಮಿಲ್ಲಿನ ಹೊಗೆಯಲ್ಲಿ ದುಡಿಯೋರಿಗೆ ಭಾನುವಾರದ ಆ ಗದ್ದೆ ಬದಿನ ದಾರಿ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತೆ.

ಈಗಿನ ಸಂಘದವರು 1897ರಲ್ಲಿ ಹೇಫೀಲ್ಡ್ ಊರಿಂದ ವಿಲಿಯಂ ಕ್ಲಫ್ ಕಣಿವೆ ಹತ್ತಿ ಸ್ನೇಕ್ ಇನ್ ಅನ್ನೋ ಹಳೇ ತಂಗುಮನೆ ಕಡೆ ಹೋಗೋ ದಾರಿನ ಜನರಿಗೆ ತೆರೆಸಿದ್ರು. ಫಲಕ ನೆಡೋಕೆ ಶುರು ಮಾಡಿದ್ದು 1905ರಲ್ಲಿ. ಯಾಕೆ ಅಂದ್ರೆ ಬೇರೆಯೋರ ಜಮೀನಿನ ಮೇಲಿನ ದಾರೀಲಿ ನಡೆಯೋ ಹಕ್ಕು ಕಾಗದದಲ್ಲಿ ಎಷ್ಟೇ ಗಟ್ಟಿ ಇರ್ಲಿ, ಗೇಟಿನ ಮುಂದೆ ನಿಂತ ಹೊಸಬರಿಗೆ ಒಳಗೆ ಹೋಗ್ಬಹುದಾ ಬೇಡ್ವಾ ಅಂತ ಅಳುಕು ಇದ್ದೇ ಇರುತ್ತೆ, ನನಗೂ ಇತ್ತು, ಯಾರದೋ ಹೊಲ, ಕುರಿ ಮೇಯ್ತಿದೆ, ನಾನು ಬೇರೆ ದೇಶದೋಳು. ಆ ಹಸಿರು ಫಲಕ ಕಂಡ ಮೇಲೇ ನಾನು ಧೈರ್ಯವಾಗಿ ಕಾಲಿಟ್ಟಿದ್ದು. ಯಾರೂ ನಡೆಯದ ದಾರಿ ಮೇಲೆ ಮುಳ್ಳು ಬೆಳೆಯುತ್ತೆ, ಆಮೇಲೆ ಇಲ್ಲಿ ದಾರಿನೇ ಇರ್ಲಿಲ್ಲ ಅನ್ನೋದು ಸುಲಭ.

1932ರ ಏಪ್ರಿಲ್ 24ಕ್ಕೆ ನೂರಾರು ಯುವಕರು ಜನರನ್ನ ಒಳಗೆ ಬಿಡದಿದ್ದ ಕಿಂಡರ್ ಬೆಟ್ಟಕ್ಕೆ ನುಗ್ಗಿದ್ದೂ ಇದೇ ವಿಲಿಯಂ ಕ್ಲಫ್ ಮೇಲಿಂದ, ಐದು ಜನ ಜೈಲಿಗೂ ಹೋದ್ರು. ಅದನ್ನ ಎಲ್ಲರೂ ನೆನೀತಾರೆ, ನೆನೀಬೇಕು ಕೂಡ. ಆದ್ರೆ ಈ ಫಲಕಗಳಿಗೆ ಬಣ್ಣ ಹಚ್ಚೋಕೆ ಬ್ರಷ್ ಹಿಡಿದು ಬರೋ ಸ್ವಯಂಸೇವಕರನ್ನೂ ನೆನೀಬೇಕು ಅಂತ ನನ್ನಾಸೆ.

ಒಂದ್ಸಲ ಹಂಗೇ ಒಬ್ಬ ವಯಸ್ಸಾದೋರು ಸಿಕ್ಕಿದ್ರು. ಮೊದಲು ತಂತಿ ಬ್ರಷ್ಷಲ್ಲಿ ಪಾಚಿ ಉಜ್ಜಿ ತೆಗೆದ್ರು, ಹಸಿರು ಬಳಿದಿದ್ದ ಕಡೆ ಒಣಗಿದ್ಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿದ್ರು, ಆಮೇಲೆ ಸಣ್ಣ ಬ್ರಷ್ ತಗೊಂಡು ಒಂದೊಂದೇ ಅಕ್ಷರದ ಉಬ್ಬಿಗೆ ಬಿಳಿ ಹಚ್ಚೋಕೆ ಕೂತ್ರು, ಗಾಳಿ ಬೀಸ್ತಿತ್ತು, ಕೈ ಮಾತ್ರ ನಡುಗ್ಲಿಲ್ಲ. ಡಬ್ಬಿ ಉರುಳದ ಹಾಗೆ ನಾನು ಹಿಡ್ಕೊಂಡು ನಿಂತೆ, ಕೊನೇ ಅಕ್ಷರ ಮುಗಿಯೋವರೆಗೂ.