ಹಳೇ ಕೋಚ್ ಮತ್ತೆ ಬಂದರು, ನಮ್ಮ ಗ್ಯಾಂಗ್ ಎರಡು ಹೋಳಾಯಿತು

ನಮಸ್ಕಾರ ಎಲ್ಲರಿಗೂ. ಇದು ತುಮಕೂರಿನ ಕ್ಯಾತ್ಸಂದ್ರ. ತಟ್ಟೆ ಇಡ್ಲಿ ಕೈಯಲ್ಲಿ ಹಿಡಿದು ನಿಂತೇ ವಾದ ಮಾಡುತ್ತಿದ್ದಾರಲ್ಲ, ಅವರೆಲ್ಲ ನನ್ನ ಗೆಳೆಯರು. ವಿಷಯ ಕ್ರಿಕೆಟ್ ಅಲ್ಲ. ನಮ್ಮ ಮಹಿಳಾ ಹಾಕಿ ತಂಡದ ಕೋಚ್.

2025ರ ಡಿಸೆಂಬರ್‌ನಲ್ಲಿ ತಂಡದ ಕೋಚ್ ಹರೇಂದ್ರ ಸಿಂಗ್ ರಾಜೀನಾಮೆ ಕೊಟ್ಟರು. ಜನವರಿ ಶುರುವಾಗುತ್ತಿದ್ದಂತೆ ಹಾಕಿ ಇಂಡಿಯಾ ನೆದರ್ಲೆಂಡ್ಸ್‌ನ ಶೋರ್ಡ್ ಮ್ಯಾರಿನ್ ಅವರನ್ನು ಮತ್ತೆ ಕರೆಸಿತು.

"ನಮ್ಮಲ್ಲಿ ಕೋಚ್‌ಗಳಿಗೆ ಬರಗಾಲವಾ?" ಅಂತ ನಮ್ಮ ಅಣ್ಣ ಗುಡುಗಿದರು. ವಯಸ್ಸಿನಲ್ಲಿ ದೊಡ್ಡವರು, ಕಾಲೇಜಿನಲ್ಲಿ ಹಾಕಿ ಆಡಿದವರು. "ಎಂ.ಪಿ. ಗಣೇಶ್, ಸೋಮಯ್ಯ ಅಂಥ ಹಾಕಿ ಆಟಗಾರರನ್ನು ಕೊಟ್ಟ ರಾಜ್ಯ ಕಣಪ್ಪ ನಮ್ಮದು!"

ಅಣ್ಣನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. 2018ರಲ್ಲಿ ಮ್ಯಾರಿನ್ ಪುರುಷರ ತಂಡಕ್ಕೆ, ಹರೇಂದ್ರ ಮಹಿಳಾ ತಂಡಕ್ಕೆ ಕೋಚ್ ಆಗಿದ್ದರು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರಿಗೆ ಪದಕ ತಪ್ಪಿತು. ತಕ್ಷಣ ಇಬ್ಬರ ಜಾಗವನ್ನೂ ಅದಲುಬದಲು ಮಾಡಿದರು. ಆ ವರ್ಷದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸೋತ ಮೇಲೆ ಹರೇಂದ್ರ ಅವರನ್ನು ಪುರುಷರ ತಂಡದಿಂದಲೂ ಕೆಳಗಿಳಿಸಿದರು. ಈಗ ನೋಡಿದರೆ ಮತ್ತೆ ಅದೇ ಇಬ್ಬರ ಹೆಸರು. ಅಣ್ಣ ಹೇಳೋದರಲ್ಲಿ ತೂಕ ಇದೆ ಅಲ್ವಾ?

ಆದರೂ ನನ್ನ ಓಟು ಮ್ಯಾರಿನ್‌ಗೇ. ಯಾಕೆ ಅಂತ ಹೇಳ್ತೀನಿ ಕೇಳಿ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಹುಡುಗಿಯರದು ಕಟ್ಟಕಡೆಯ ಸ್ಥಾನ. ಮ್ಯಾರಿನ್ ಕೋಚ್ ಆಗಿದ್ದ 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಮೊದಲ ಮೂರು ಪಂದ್ಯ ಸೋತರು. ನೆದರ್ಲೆಂಡ್ಸ್ ಎದುರು 1-5, ಜರ್ಮನಿ ಎದುರು 0-2, ಬ್ರಿಟನ್ ಎದುರು 1-4. ಅಲ್ಲಿಗೆ ಕಥೆ ಮುಗಿಯಿತು ಅಂತ ಎಲ್ಲರೂ ಟಿವಿ ಆಫ್ ಮಾಡಿದ್ದರು. ಮುಂದೆ ಐರ್ಲೆಂಡ್ ಪಂದ್ಯ. ಮುಗಿಯಲು ಮೂರೇ ನಿಮಿಷ ಇರುವಾಗ ನವನೀತ್ ಕೌರ್ ಗೋಲು ಹೊಡೆದರು. ಮರುದಿನ ದಕ್ಷಿಣ ಆಫ್ರಿಕಾ ಮೇಲೆ ವಂದನಾ ಕಟಾರಿಯಾ ಹ್ಯಾಟ್ರಿಕ್. ಆಮೇಲೆ ಕ್ವಾರ್ಟರ್ ಫೈನಲ್, ಎದುರಿಗೆ ಆಸ್ಟ್ರೇಲಿಯಾ!

ಗುರ್ಜಿತ್ ಕೌರ್ ಒಂದು ಪೆನಾಲ್ಟಿ ಕಾರ್ನರ್ ಒಳಗೆ ಹಾಕಿದರು. ಆಮೇಲೆ ಆಸ್ಟ್ರೇಲಿಯಾಕ್ಕೆ ಕಾರ್ನರ್ ಮೇಲೆ ಕಾರ್ನರ್. ಪ್ರತಿ ಸಲ ನಮ್ಮ ಹುಡುಗಿಯರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಚೆಂಡಿಗೇ ಎದುರಾಗಿ ಓಡಿದರು. ಹಿಂದೆ ಗೋಲ್‌ಕೀಪರ್ ಸವಿತಾ ನಿಂತಿದ್ದರು. ಒಂದೂ ಒಳಗೆ ಹೋಗಲಿಲ್ಲ. 1-0! ಕೊನೆಗೆ ನಾಲ್ಕನೇ ಸ್ಥಾನ. ಮೂರು ಸೋಲಿನ ಮೇಲೆ ತಂಡವನ್ನು ಹೀಗೆ ಎಬ್ಬಿಸಿ ನಿಲ್ಲಿಸಿದ ಕೋಚ್ ಯಾವ ದೇಶದವರಾದರೆ ನನಗೇನು?

ನಮ್ಮ ಗ್ಯಾಂಗಿನ ಒಬ್ಬಳು ತಂಗಿ ಇದಕ್ಕೂ ಅಡ್ಡ ಹಾಕಿದಳು. "ಅಕ್ಕಾ, ಅದು 2021ರ ತಂಡ. ಆಗಿನ ನಾಯಕಿ ರಾಣಿ ರಾಂಪಾಲ್ ಈಗ ತಂಡದಲ್ಲಿಲ್ಲ, ವಂದನಾನೂ ನಿವೃತ್ತಿಯಾದರು. ಈಗಿನ ತಂಡ 2025ರಲ್ಲಿ ದೊಡ್ಡ ತಂಡಗಳು ಆಡುವ ಪ್ರೊ ಲೀಗ್‌ನಿಂದಲೇ ಕೆಳಗಿಳಿಯಿತು." ಅವಳ ಮಾತು ನಿಜ. ಆದರೆ ಟೋಕಿಯೊದಲ್ಲಿ ಆಡಿದಾಗ ಸಲೀಮಾ ಟೆಟೆಗೆ 19 ವರ್ಷ, ಲಾಲ್‌ರೆಮ್ಸಿಯಾಮಿಗೆ 21. ಮ್ಯಾರಿನ್ ಕೈಕೆಳಗೆ ಬೆಳೆದವರು ಅವರು. ಹೊಸ ಹುಡುಗಿಯರಿಗೆ ಆ ಫಿಟ್‌ನೆಸ್ಸು, ಆ ಧೈರ್ಯ ದಾಟಿಸೋಕೆ ಇವರು ಇದ್ದಾರಲ್ಲ.

ನನ್ನ ಭಯವೇ ಬೇರೆ. 2026ರ ಮಾರ್ಚ್‌ನಲ್ಲಿ ಹೈದರಾಬಾದ್‌ನಲ್ಲಿ ವಿಶ್ವಕಪ್ ಅರ್ಹತಾ ಟೂರ್ನಿ, ಸೆಪ್ಟೆಂಬರ್‌ನಲ್ಲಿ ಜಪಾನ್‌ನಲ್ಲಿ ಏಷ್ಯನ್ ಗೇಮ್ಸ್. ಅಲ್ಲಿ ಚಿನ್ನ ಗೆದ್ದರೆ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ಟಿಕೆಟ್. ಇದರಲ್ಲಿ ಒಂದು ಕೈ ಕೊಟ್ಟರೂ "ಕೋಚ್ ಬದಲಾಯಿಸಿ" ಅನ್ನೋ ಕೂಗು ಏಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 2028ರ ತನಕ ಬಿಡಿ ಮ್ಯಾರಿನ್ ಅವರನ್ನ. ಅವರ ಜೊತೆಗೆ ನಮ್ಮವರೇ ಒಬ್ಬರು ಸಹಾಯಕ ಕೋಚ್ ಆಗಿ ಕಲಿಯಲಿ. ಹಾಗಾದರೆ ನಮ್ಮ ಅಣ್ಣನಿಗೂ ಸಮಾಧಾನ.

ಹೈದರಾಬಾದ್‌ಗೆ ಹೋಗೋಣ ಅಂತ ಮಾತಾಗಿದೆ. ಅಣ್ಣನೂ ಬರ್ತಾರಂತೆ, ಆದರೆ ವಾದ ಮಾತ್ರ ಬಿಡಲ್ಲವಂತೆ. ನೀವು ಯಾರ ಕಡೆ? ಕಾಮೆಂಟ್‌ನಲ್ಲಿ ಬರೆಯಿರಿ, ಅಣ್ಣನಿಗೆ ಓದಿ ಹೇಳ್ತೀನಿ.